ಆಸೆ ಬತ್ತಿದ ಮೇಲೂ

ಕೆಲಸಕ್ಕೆ ಕೈಹಚ್ಚಲು ಮನಸ್ಸೇ ಬಾರದ ದಿನ ಮನುಷ್ಯನನ್ನು ಎಬ್ಬಿಸಿ ನಡೆಸುವುದು ಯಾವುದು? ಸ್ಫೂರ್ತಿಯ ಮಾತುಗಳಿಗೆ ಇಂದು ಬರವಿಲ್ಲ. ಮೊಬೈಲ್ ತೆರೆದರೆ ಸಾಕು, ನಿನ್ನನ್ನು ನೀನು ನಂಬು, ಗೆಲುವು ನಿನ್ನದೇ ಎನ್ನುವವರು ಸಾಲುಗಟ್ಟಿ ನಿಂತಿರುತ್ತಾರೆ. ಆದರೆ ಗೆಲುವಿನ ಭರವಸೆಯ ಮೇಲೆ ನಿಂತ ಛಲ, ಆ ಭರವಸೆಯೇ ಕುಸಿದ ದಿನ ಏನಾಗುತ್ತದೆ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ 2016ರ ಸಿಯಾಚಿನ್ ನೆನಪಾಗುತ್ತದೆ. ಆ ವರ್ಷ ಫೆಬ್ರುವರಿ 3ರಂದು, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಸೈನಿಕರು ಹೂತುಹೋದರು. ಅವರಲ್ಲೊಬ್ಬರಾದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 8ರಂದು ಜೀವಂತವಾಗಿ ಸಿಕ್ಕರು. ದೇಶವಿಡೀ ದೇವರಿಗೆ ಕೈಮುಗಿಯಿತು, ಪವಾಡ ಎಂದಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ನಂಬಿಕೆ ಎಂದರೆ ಬೇಡಿದ್ದು ಸಿಗುತ್ತದೆಂಬ ಖಾತ್ರಿಯಾಗಿದ್ದರೆ, ಈ ಕಥೆ ಅಲ್ಲಿಗೇ ನಂಬಿಕೆಯನ್ನು ಸೋಲಿಸುತ್ತದೆ. ಉಳಿದ ಒಂಬತ್ತು ಮಂದಿ ಮೊದಲೇ ಮಡಿದಿದ್ದರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಅವರ ಮನೆಯಲ್ಲೂ ದೀಪ ಹಚ್ಚುವವರು ಇದ್ದಿರಲೇಬೇಕು. ಒಬ್ಬನನ್ನು ಉಳಿಸಿದ್ದು ನಂಬಿಕೆ ಎಂದರೆ, ಒಂಬತ್ತು ಮಂದಿಯ ನಂಬಿಕೆಯಲ್ಲಿ ಕೊರತೆಯಿತ್ತೆಂದು ಹೇಳಿದಂತಾಗುತ್ತದೆ. ಅಂಥ ಮಾತು ಆಡಲು ಯಾರಿಗೂ ಹಕ್ಕಿಲ್ಲ.

ನನ್ನ ಗಮನ ಹೋಗುವುದು ಹಿಮದ ಕೆಳಗಿದ್ದವರ ಜೊತೆಗೆ ಹಿಮದ ಮೇಲಿದ್ದವರ ಕಡೆಗೂ. ಯಾರಾದರೂ ಬದುಕುಳಿದಿರುವ ಸಾಧ್ಯತೆ ತೀರಾ ಕಡಿಮೆ ಎಂದು ಸೇನೆ ಹೇಳಿಯಾಗಿತ್ತು. ಪ್ರಧಾನಿಯ ಸಂತಾಪವೂ ಬಂದಿತ್ತು. ಆದರೂ ಅಗೆತ ನಿಲ್ಲಲಿಲ್ಲ. ಉಸಿರಾಡಲೂ ಕಷ್ಟವಾಗುವ ಎತ್ತರದಲ್ಲಿ, ಕಲ್ಲಿನಂತೆ ಗಟ್ಟಿಯಾದ ಮಂಜನ್ನು ಸುಮಾರು 25 ಅಡಿ ಕತ್ತರಿಸುತ್ತಾ ಕೆಳಗಿಳಿದರು. ಅವರನ್ನು ನಡೆಸಿದ್ದು ಆಸೆ ಎನ್ನುವಂತಿಲ್ಲ. ಆಸೆಗೆ ಅಲ್ಲಿ ಆಧಾರವೇ ಉಳಿದಿರಲಿಲ್ಲ. ಜೊತೆಯವನನ್ನು, ಬದುಕಿರಲಿ ಸತ್ತಿರಲಿ, ಬಿಟ್ಟು ಬರುವುದಿಲ್ಲ ಎಂಬ ಮಾತೊಂದು ಉಳಿದಿತ್ತು.

ನಂಬಿಕೆ ಎಂದರೆ ಇದೇ ಇರಬಹುದೇ? ಸಿಯಾಚಿನ್‌ನ ತಳ ಶಿಬಿರದಲ್ಲಿ ಓಪಿ ಬಾಬಾನ ಗುಡಿಯಿದೆ. ಓಂ ಪ್ರಕಾಶ್ ಎಂಬ ಸೈನಿಕ ಸತ್ತ ಮೇಲೂ ಠಾಣೆಗಳನ್ನು ಕಾಯುತ್ತಾನೆಂದು ಅಲ್ಲಿನವರು ನಂಬುತ್ತಾರೆ. ಮೇಲೆ ಹೊರಡುವ ತುಕಡಿ ಅವನಿಗೆ ವರದಿ ಒಪ್ಪಿಸಿ ಹೊರಡುತ್ತದೆ. ಇಳಿದು ಬಂದ ಮೇಲೂ ಒಪ್ಪಿಸುತ್ತದೆ. ಮೂಡುಬಿದಿರೆಗೂ ಕಾರ್ಕಳಕ್ಕೂ ನಡುವಿನ ಬೆಳುವಾಯಿಯವನಾದ ನನಗೆ ಇದು ಅಪರಿಚಿತವಲ್ಲ. ಎಣ್ಮೂರಿನ ಕಾಳಗದಲ್ಲಿ ಮಡಿದ ಕೋಟಿ-ಚೆನ್ನಯರು ತುಳುನಾಡಿನ ಗರಡಿಗಳಲ್ಲಿ ಇಂದಿಗೂ ಊರು ಕಾಯುತ್ತಾರೆ. ಗರಡಿ ಎಂಬ ಹೆಸರೇ ಹೇಳುವಂತೆ ಅದು ಮೈಯನ್ನು ಪಳಗಿಸುವ ಜಾಗ. ಅದೇ ಕೈಮುಗಿಯುವ ಜಾಗವೂ ಹೌದು. ಕಸರತ್ತು, ಪೂಜೆ ಎರಡರಲ್ಲೂ ಒಂದು ಗುಣವಿದೆ: ಇವತ್ತು ಮನಸ್ಸಿದೆಯೇ ಎಂದು ಅವು ಕೇಳುವುದಿಲ್ಲ. ಹೊತ್ತಿಗೆ ಬಂದು ನಿಲ್ಲು ಎನ್ನುತ್ತವೆ, ಅಷ್ಟೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಕೇಳದೆ ಬಂದು ನಿಲ್ಲುವವನನ್ನು ಕೆಟ್ಟದ್ದಕ್ಕೂ ನಿಲ್ಲಿಸಬಹುದಲ್ಲ? ನಿಜ. ಛಲಕ್ಕೆ ತನ್ನದೇ ಆದ ನೀತಿಯಿಲ್ಲ, ಕ್ರೂರಿಗಳೂ ಛಲವಂತರೇ. ಇದಕ್ಕೆ ಉತ್ತರ ನಮ್ಮೂರಿನ ಹತ್ತಿರವೇ ನಿಂತಿದೆ. ಕಾರ್ಕಳದ ಬಾಹುಬಲಿ 1432ರಲ್ಲಿ, ವೇಣೂರಿನವ 1604ರಲ್ಲಿ ಎದ್ದವರು. ಜೈನರ ಕಥೆಯಲ್ಲಿ ಬಾಹುಬಲಿ ಮೊದಲು ಯೋಧ. ಅಣ್ಣ ಭರತನನ್ನು ಎತ್ತಿ ಹಿಡಿದು, ಗೆಲುವು ಕೈಯಲ್ಲಿರುವಾಗಲೇ, ಇದು ಯಾತಕ್ಕೆ ಎಂದು ಕೇಳಿಕೊಂಡವನು. ಆಮೇಲೆ ಬಳ್ಳಿ ಮೈಗೆ ಹಬ್ಬುವವರೆಗೂ ತಪಸ್ಸಿನಲ್ಲಿ ನಿಂತ. ಯುದ್ಧಕ್ಕೆ ನಿಂತ ಕಾಲೇ ತಪಸ್ಸಿಗೂ ನಿಂತಿತು. ನಡುವೆ ಬದಲಾದದ್ದು ಆ ಪ್ರಶ್ನೆಗೆ ಸಿಕ್ಕ ಉತ್ತರ. ಶಿಸ್ತು ದಿನದಿನ ಕೇಳದೆ ನಡೆಯಬೇಕು, ಸರಿ. ಆದರೆ ಯಾರಿಗಾಗಿ ಎಂಬುದನ್ನು ಒಮ್ಮೆಯಾದರೂ ಕೇಳಿಯೇ ಹೊರಟಿರಬೇಕು. ಉತ್ತರ ತಪ್ಪೆನಿಸಿದ ದಿನ ಎತ್ತಿದ ಕೈಯನ್ನು ಇಳಿಸುವ ಧೈರ್ಯವೂ ಇರಬೇಕು.

ನಾನು ಪಾಡ್ದನಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಐದನೆಯ ವರ್ಷ ನಡೆಯುತ್ತಿದೆ. ಓದುವ ಮೇಜಿಗೂ ಹಿಮಗಡ್ಡೆಗೂ ಹೋಲಿಕೆಯಿಲ್ಲ. ಹೋಲಿಸಿದರೆ ಅದು ಉದ್ಧಟತನ. ಆದರೂ ಬರೆಯಲಾಗದ ರಾತ್ರಿಗಳಲ್ಲಿ ಪದವಿ, ಕೆಲಸ, ಹೆಸರು ಯಾವುದೂ ನನ್ನನ್ನು ಎಬ್ಬಿಸಿಲ್ಲ. ಗದ್ದೆಯಲ್ಲಿ ನೇಜಿ ನೆಡುತ್ತಾ ಕಲಿತ ಹಾಡನ್ನು ನನ್ನ ರೆಕಾರ್ಡರಿಗೆ ಹಾಡಿಕೊಟ್ಟ ಅಜ್ಜಿಯರಲ್ಲಿ ಇಬ್ಬರು ಈಗಿಲ್ಲ. ಅವರ ದನಿಯನ್ನು ಅರ್ಧದಲ್ಲಿ ಬಿಡುವಂತಿಲ್ಲ ಎಂಬ ಭಾರವೇ ಎಬ್ಬಿಸಿದ್ದು.

ದೇವರನ್ನು ನಂಬದ ಗೆಳೆಯರಿಗೂ ಇಂಥ ಭಾರ ಇರುತ್ತದೆ, ಅವರೂ ನಡೆಯುತ್ತಾರೆ. ಹೆಸರು ದೈವವಾಗಲಿ, ರೆಜಿಮೆಂಟಾಗಲಿ, ಪಕ್ಕದಲ್ಲಿ ನಿಂತ ಜೊತೆಗಾರನಾಗಲಿ, ನಮಗಿಂತ ಹೊರಗಿನ ಒಬ್ಬರಿಗೆ ನಾವು ವರದಿ ಒಪ್ಪಿಸಬೇಕಿದೆ ಎಂಬ ಅರಿವು ಬೇಕು. ಫಲ ಸಿಗುತ್ತದೆಂದು ಅಗೆಯುವವನು ಒಂದು ಆಳಕ್ಕೆ ನಿಲ್ಲುತ್ತಾನೆ. ಕೆಳಗೆ ಯಾರೋ ಇದ್ದಾರೆಂದು ಅಗೆಯುವವನು ನಿಲ್ಲುವುದು ಕಷ್ಟ.