ಮೆಚ್ಚಿದವನ ದೂರು

ಜಾಗ್ವಾರ್ ಇ-ಟೈಪ್ ಕಾರೆಂದರೆ ನನಗೆ ಪ್ರಾಣ. ಆದರೂ ಅದರ ಹಳೆಯ ಗೇರಿನ ಮಾತು ಬಂದರೆ ಗೊಣಗದೆ ಇರಲಾರೆ. “ಅಷ್ಟು ಮೆಚ್ಚಿದ ಮೇಲೆ ಕೊಂಕು ತೆಗೆಯುವ ಹಕ್ಕೆಲ್ಲಿಯದು ನಿಮಗೆ?” ಎಂದರು ಮಿತ್ರರೊಬ್ಬರು.

1961ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಅದನ್ನು ಕಂಡವರು ಚೆಲುವಿಗೆ ಬೆರಗಾದರು. ಮೊದಲನೆಯ ಗೇರು ಒರಟು, ಆಸನ ಬೆನ್ನಿಗೆ ಹಿತವಲ್ಲ ಎಂಬುದು ತಿಳಿದದ್ದು ಓಡಿಸಿದವರಿಗೆ. 1964ರ 4.2 ಲೀಟರಿನ ಮಾದರಿಗೆ ಹೊಸ ಗೇರುಪೆಟ್ಟಿಗೆ, ಹೊಸ ಆಸನ ಬಂದವು. ಹೊಗಳಿಕೆಯೊಂದನ್ನೇ ಕೇಳಿದ್ದರೆ ತಯಾರಕರು ಏಕೆ ಬದಲಿಸುತ್ತಿದ್ದರು?

ನೆಂಟರಿಗೆ ಮಗುವಿನ ಮುದ್ದುಮುಖ ಕಾಣುತ್ತದೆ; ಕಿವಿಯ ಹಿಂದಿನ ಕೊಳೆ ಕಾಣುವುದು ತಾಯಿಗೆ. ಆದರೆ ಅವಳು ಅದನ್ನು ಊರಿಗೆಲ್ಲ ಸಾರುವುದಿಲ್ಲ, ಸೆರಗಿನಿಂದ ಒರೆಸುತ್ತಾಳೆ. ನನ್ನ ಗೊಣಗಾಟದಲ್ಲಿ ಎಷ್ಟೋ ಸಲ ಜಾಣತನ ಮೆರೆಸುವ ಚಪಲವೂ ಸೇರಿರುತ್ತದೆಂದು ಒಪ್ಪಬೇಕು. ತಿದ್ದಲೆಂಬ ಆಸೆ ಇರುವಷ್ಟು ಕಾಲ ದೂರುವುದು ಹಕ್ಕು. ಆಸೆ ಹೋದ ಮೇಲೆ ಅದು ಬರಿಯ ಚಾಡಿ.