ಮೆಲ್ಲಗೆ ಇಳಿಯುವ ಗಾಳಿ

ಪ್ರಿಯರೇ, ನ್ಯಾಯಸ್ಥಾಪಕರು 16ನೇ ಅಧ್ಯಾಯ ತೆಗೆಯಿರಿ. ಸಂಸೋನ ನಿದ್ದೆಯಿಂದ ಎದ್ದ. ಎಂದಿನಂತೆ ಹೊರಟರಾಯ್ತು ಅಂದುಕೊಂಡ. ಅವನ ಬಲ ಆಗಲೇ ಹೋಗಿತ್ತು. ಹೋಗಿದ್ದು ಅವನಿಗೇ ಗೊತ್ತಿರಲಿಲ್ಲ!

ಇಲ್ಲಿ ಕಾರು ಓಡಿಸುವವರು ಕೈ ಎತ್ತಿ. ಟೈರ್ ಢಂ ಅಂತ ಒಡೆದರೆ ಎಲ್ಲರಿಗೂ ಗೊತ್ತಾಗುತ್ತೆ. ಗೊತ್ತಾಗದೇ ಇರೋದು ಸ್ಲೋ ಪಂಕ್ಚರ್. ಟ್ಯೂಬ್‌ಲೆಸ್ ಟೈರ್‌ಗೆ ಮೊಳೆ ಚುಚ್ಚಿದರೆ, ಎಷ್ಟೋ ಸಲ ಆ ಮೊಳೆಯೇ ತೂತಿಗೆ ಬಿರಡೆ ಹಾಕಿದ ಹಾಗೆ ಕೂತಿರುತ್ತೆ. ಗಾಳಿ ಸ್ವಲ್ಪ ಸ್ವಲ್ಪವೇ ಇಳಿಯುತ್ತೆ. 33 ಪಿಎಸ್‌ಐ ಇರಬೇಕಾದದ್ದು 26ಕ್ಕೆ ಬಂದರೂ ಕಣ್ಣಿಗೆ ಟೈರ್ ಚೆನ್ನಾಗೇ ಕಾಣುತ್ತೆ. ಹೈವೇಯಲ್ಲಿ ವೇಗವಾಗಿ ಹೋಗುವಾಗ ಅದೇ ಟೈರ್ ಬಾಗಿ ಬಾಗಿ, ಬಿಸಿಯೇರಿ, ಸಿಡಿದುಬಿಡಬಹುದು.

ನಾವು ಏನ್ ಮಾಡ್ತೀವಿ? ವಾರಕ್ಕೊಮ್ಮೆ ಬಂಕ್‌ಗೆ ಹೋಗಿ ಗಾಳಿ ಹೊಡಿಸ್ಕೊಂಡು ಬರ್ತೀವಿ. ಸಭೆಗೂ ಹಾಗೇ ಬರ್ತೀವಿ ಅಲ್ವಾ? ಭಾನುವಾರ ಫುಲ್, ಗುರುವಾರ ಖಾಲಿ. ತುಂಬಿಸಿಕೊಳ್ಳಲು ಬರೋದು ತಪ್ಪಲ್ಲ. ಆದರೆ ತೂತು ಎಲ್ಲಿದೆ ಅಂತ ಯಾವಾಗ ಹುಡುಕ್ತೀರಿ? ಮೂರು ಮಾತು ಹೇಳ್ತೀನಿ.

ಮೊದಲನೆಯದು, ತಣ್ಣಗಿರುವಾಗ ಅಳೆಯಿರಿ. ಓಡಿದ ಟೈರ್ ಬಿಸಿಯಾಗಿರುತ್ತೆ, ಒಳಗಿನ ಒತ್ತಡ ಏರಿರುತ್ತೆ, ಗೇಜ್ ಹೆಚ್ಚು ತೋರಿಸುತ್ತೆ. ಅದಕ್ಕೇ ಗಾಡಿ ಮೂರು ಗಂಟೆಯಾದರೂ ನಿಂತ ಮೇಲೆ ನೋಡಬೇಕು. ಆರಾಧನೆ ಮುಗಿದ ಕೂಡಲೇ ನಿಮ್ಮ ಆತ್ಮಿಕ ಜೀವನವನ್ನು ಅಳೆಯಬೇಡಿ. ಮಂಗಳವಾರ ಬೆಳಗ್ಗೆ, ಸಂಗೀತ ಇಲ್ಲದಾಗ, ಆಫೀಸಿಗೆ ಹೊರಡುವ ಮುಂಚೆ ಅಳೆಯಿರಿ. ಅದೇ ನಿಜವಾದ ರೀಡಿಂಗ್.

ಎರಡನೆಯದು, ನಾಲ್ಕೂ ಟೈರ್ ನೋಡಿ. ಚೆನ್ನಾಗಿರುವ ಟೈರ್‌ನಲ್ಲೂ ತಿಂಗಳಿಗೆ ಸುಮಾರು 1 ಪಿಎಸ್‌ಐ ಇಳಿಯುತ್ತೆ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ. ನಾಲ್ಕೂ ಒಂದೇ ಸಮ ಇಳಿದಿದ್ದರೆ ಗಾಬರಿ ಬೇಡ, ಗಾಳಿ ತುಂಬಿಸಿದರೆ ಸಾಕು. ಒಂದೇ ಟೈರ್ ಮತ್ತೆ ಮತ್ತೆ ಇಳಿದರೆ ಮಾತ್ರ ತೂತಿದೆ. ತಮ್ಮಾ, ತಂಗೀ, ನೈಟ್ ಶಿಫ್ಟ್ ಮಾಡಿ ದಣಿದು ಪ್ರಾರ್ಥನೆ ಒಣಗಿದ್ರೆ ಅದೆಲ್ಲಾ ಪಾಪ ಅಲ್ಲ. ಮಲಗಿ, ಊಟ ಮಾಡಿ. ಎಲೀಯನಿಗೂ ದೇವದೂತ ಮೊದಲು ರೊಟ್ಟಿಯನ್ನೇ ಕೊಟ್ಟ. ಆದರೆ ಯಾವಾಗಲೂ ಒಂದೇ ವಿಷಯದಲ್ಲಿ ಇಳಿಯುತ್ತಿದ್ದೀರಾ? ಅಲ್ಲಿ ಕೈ ಇಡಿ.

ಮೂರನೆಯದು, ಸೋಪಿನ ನೀರು ಹಾಕಿ. ಟೈರ್ ಮೇಲೆ, ವಾಲ್ವ್ ಮೇಲೆ, ರಿಮ್ಮಿನ ಅಂಚಿನ ಸುತ್ತ ಹಾಕಿ ಕಾಯಿರಿ. ಗುಳ್ಳೆ ಎದ್ದ ಕಡೆ ತೂತು. ಕೆಲವೊಮ್ಮೆ ಮೊಳೆಯೇ ಇರಲ್ಲ. ಗುಂಡಿಗೆ ಬಿದ್ದು ರಿಮ್ ಬಾಗಿರುತ್ತೆ. ಅಂದರೆ ಯಾವತ್ತೋ ಬಿದ್ದ ಪೆಟ್ಟಿನಿಂದ ಇವತ್ತು ಗಾಳಿ ಹೋಗ್ತಿದೆ! ನಿಮ್ಮಲ್ಲಿ ಕೆಲವರಿಗೆ ರಾತ್ರಿ ಒಂದು ಗಂಟೆಯ ಫೋನ್ ಮೊಳೆ. ಕೆಲವರಿಗೆ ಅಪ್ಪನ ಮೇಲಿನ ಹಳೇ ಕೋಪವೇ ಬಾಗಿದ ರಿಮ್. ಸೋಪಿನ ನೀರು ತೂತು ಮಾಡಲ್ಲ, ಇರೋದನ್ನು ತೋರಿಸುತ್ತೆ. ಪವಿತ್ರಾತ್ಮನು ಪಾಪವನ್ನು ತೋರಿಸುವುದೂ ನಿಮ್ಮನ್ನು ನಾಚಿಸಲಿಕ್ಕಲ್ಲ, ವಾಸಿಮಾಡಲಿಕ್ಕೆ. ಆಮೆನ್?

ಮೊಳೆ ಕಂಡಿತು ಅಂತ ರಸ್ತೆಯಲ್ಲೇ ಕೀಳಬೇಡಿ, ಉಳಿದ ಗಾಳಿಯೂ ಹೋಗುತ್ತೆ. ಪಂಕ್ಚರ್ ಅಂಗಡಿಗೆ ಹೋಗಿ. ಟೈರ್ ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಲಿ. ಹಾಗೆಯೇ ಒಬ್ಬರೇ ಹೋರಾಡಬೇಡಿ. ದೇವರ ಮುಂದೆ ಒಪ್ಪಿಕೊಳ್ಳಿ, ನಂಬಿಕೆಯ ಒಬ್ಬ ಹಿರಿಯರ ಹತ್ತಿರ ಈ ವಾರವೇ ಮಾತಾಡಿ.

ಸಂಸೋನನಿಗೆ ಸೆರೆಮನೆಯಲ್ಲೂ ಕೂದಲು ಮತ್ತೆ ಬೆಳೆಯತೊಡಗಿತು. ದೇವರು ಅವನನ್ನು ಮರೆತಿರಲಿಲ್ಲ. ನಿಮ್ಮನ್ನೂ ಮರೆತಿಲ್ಲ. ಕಣ್ಣು ಮುಚ್ಚಿ. ತೂತು ಎಲ್ಲಿದೆ ಅಂತ ಕರ್ತನನ್ನೇ ಕೇಳೋಣ. ಯೇಸುವಿನ ನಾಮದಲ್ಲಿ, ಆಮೆನ್.