ಪರರ ಪೆಟ್ಟಿಗೆ

ಕೊಂಡ ವಸ್ತು ನಮ್ಮದು, ನಿಜ. ಅದರೊಳಗೆ ಉಳಿದುಹೋದದ್ದು ಯಾರದು? ಹಳೆಯ ಸೀರೆ ಕೊಟ್ಟು ಸ್ಟೀಲು ಪಾತ್ರೆ ತೆಗೆದುಕೊಳ್ಳುವ ಮೊದಲು ಸೆರಗಿನ ಗಂಟು ಬಿಚ್ಚಿ ನೋಡದ ಹೆಂಗಸಿಲ್ಲ. ಗಂಟಿನಲ್ಲಿ ಎಂಟಾಣೆ ಉಳಿದಿದ್ದರೆ ಪಾತ್ರೆಯವಳ ಅದೃಷ್ಟ ಎನ್ನೋಣ. ಕಾಗದ ಉಳಿದಿದ್ದರೆ? ಅವಳು ಓದಬಹುದೆ?

ಈ ಪ್ರಶ್ನೆ ನನ್ನ ಮನೆಗೆ ಕಂಪ್ಯೂಟರಿನ ರೂಪದಲ್ಲಿ ಬಂತು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಅದಿಲ್ಲ. ಅಂಥದೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಡಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೆನ್‌ಡ್ರೈವ್ ಹಿಡಿದು ಬಂದ.

ಯಂತ್ರ ಶುರುಮಾಡಿದರೆ ಹಿಂದಿನವರ ಸಂಸಾರವೇ ಎದುರಿಗೆ! ಪರದೆಯ ಮೇಲೆ ‘ಅಮ್ಮ’ ಎಂದೊಂದು ಫೋಲ್ಡರು, ಪಕ್ಕದಲ್ಲೇ ‘ಆಸ್ಪತ್ರೆ’ ಎಂದು ಇನ್ನೊಂದು.

“ನೋಡೋಣ್ವಾ ಮಿಸ್?” ಎಂದ. ಬೇಡವೆಂದೆ.

“ಹಾಗಾದ್ರೆ ಫಾರ್ಮ್ಯಾಟ್ ಮಾಡಿಬಿಡ್ತೀನಿ.” ಅದಕ್ಕೂ ತಡಿಯಪ್ಪ ಎಂದೆ.

ನೋಡಬಾರದು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ನೋಡದೆ ಅಳಿಸುವುದು ಸರಿಯೆ? ಆ ತಾಯಿಯ ಚಿತ್ರ ಲೋಕದಲ್ಲಿ ಇನ್ನೆಲ್ಲೂ ಇರದಿದ್ದರೆ? “ದುಡ್ಡು ಕೊಟ್ಟಿದ್ದೀರಿ, ಮುಗೀತಲ್ಲ” ಎಂದರು ನನ್ನ ಸಹೋದ್ಯೋಗಿ. ನಾನು ದುಡ್ಡು ಕೊಟ್ಟದ್ದು ತಗಡಿಗೆ, ತಂತಿಗೆ. ಅಮ್ಮನನ್ನು ಯಾರೂ ಬಿಲ್ಲಿನಲ್ಲಿ ಸೇರಿಸಿರಲಿಲ್ಲ.

ಅಂಗಡಿಯವರ ಮೂಲಕ ಮಾರಿದವರನ್ನು ಕೇಳಿಸಿದೆ. ಮರುದಿನ ಉತ್ತರ ಬಂತು: “ಅಳಿಸಿಬಿಡಿ ಅಂದ್ರು ಮೇಡಂ. ಗೊತ್ತಿದ್ದೇ ಬಿಟ್ಟಿದ್ರಂತೆ. ಅವರ ಕೈಯಲ್ಲಿ ಅಳಿಸೋಕೆ ಆಗ್ಲಿಲ್ವಂತೆ.”

ಈ ಮಾತು ನಮಗೆ ಹೊಸದಲ್ಲ. ತೀರಿಕೊಂಡವಳ ಸೀರೆಗಳನ್ನು ಮಡಿಸಿ ಯಾರಿಗಾದರೂ ಕೊಡುವ ಕೆಲಸ ಎಷ್ಟೋ ಮನೆಗಳಲ್ಲಿ ಮಗಳ ಕೈಲಾಗುವುದಿಲ್ಲ. ನೆರೆಮನೆಯಾಕೆ ಬಂದು ಮಾಡುತ್ತಾಳೆ. ಹೆಸರೂ ತಿಳಿಯದವರಿಗೆ ನಾನು ಆ ನೆರೆಮನೆಯಾಕೆಯಾಗಬೇಕಿತ್ತು.

ಹುಡುಗನಿಗೆ ಇನ್ನೊಂದು ಯೋಚನೆ. “ಒಂದು ಕಾಪಿ ತೆಗೆದಿಡೋಣ ಮಿಸ್, ಮುಂದೆ ಕೇಳಿದ್ರೆ?” ಒಳ್ಳೆಯ ಮನಸ್ಸಿನ ಮಾತೇ. ಆದರೂ ಒಪ್ಪಲಿಲ್ಲ. ಅಳಿಸಿ ಎಂದವರಿಗೆ ನಿಜವಾಗಿ ಬೇಕಾದದ್ದು ಬೇರೆ ಎಂದು ನಾವೇ ತೀರ್ಮಾನಿಸುವುದು ದಯೆಯಂತೆ ಕಾಣುತ್ತದೆ. ಇನ್ನೊಬ್ಬರ ದುಃಖದ ಮೇಲೆ ನಡೆಸುವ ಯಜಮಾನಿಕೆ ಅದು. ನಮ್ಮಲ್ಲಿ ಹಿರಿಯರು ಇದನ್ನು ಬಹಳ ಮಾಡುತ್ತಾರೆ.

ಅಳಿಸುವುದೂ ಸುಲಭವಲ್ಲವೆಂದು ಆಮೇಲೆ ತಿಳಿಯಿತು. ಬೇಗನೆ ಮುಗಿಯುವ ಫಾರ್ಮ್ಯಾಟ್ ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ; ಹಾಳೆಗಳು ಒಳಗೇ ಇರುತ್ತವೆ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ್ದರು: ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಜನರ ಪತ್ರಗಳು, ಕ್ರೆಡಿಟ್ ಕಾರ್ಡಿನ ಸಂಖ್ಯೆಗಳು ಸಿಕ್ಕಿದ್ದವು.

ಹಾಗಾಗದಂತೆ ಡಿಸ್ಕಿನ ಉದ್ದಕ್ಕೂ ಸೊನ್ನೆಗಳನ್ನು ಬರೆಸಬೇಕು. 500 ಜಿಬಿಗೆ ಎರಡು ಗಂಟೆಗೂ ಮಿಕ್ಕಿ ಹಿಡಿಯಿತು. ಹುಡುಗ ಎರಡು ಸಲ ಗಡಿಯಾರ ನೋಡಿದ. ಅವನಿಗೆ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟು, ಪೂರ್ತಿ ಆಗುವವರೆಗೆ ಕೂರಿಸಿಕೊಂಡೆ.